ಸರ್ಕಾರಿ ವೈದ್ಯಕೀಯ ಸಂಶೋಧನಾ ಕಚೇರಿಯಲ್ಲಿ ಯಾರ್ಯಾರು ಇರುತ್ತಾರೆ, ಎಲ್ಲಿಂದ ಬಂದಿರುತ್ತಾರೆ?

ಪಿಪೆಟ್ ಹಿಡಿದ ಕೈ

ಎಲ್ಲರಿಗೂ ನಮಸ್ಕಾರ. ಕೋಶ ಜೀವಶಾಸ್ತ್ರದಲ್ಲಿ ಪಿಎಚ್‌ಡಿ ಆಗಿದೆ, ಈಗ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ. ಲ್ಯಾಬ್ ಮೇಲೆ ಬೇಜಾರೇನಿಲ್ಲ. ಆದರೆ ಸ್ವಂತ ಲ್ಯಾಬ್ ಕಟ್ಟಿಕೊಂಡು ಬದುಕಿಡೀ ಗ್ರಾಂಟ್ (ಸಂಶೋಧನಾ ಅನುದಾನ) ಹಿಂದೆ ಓಡುವುದು ನನ್ನ ಕೈಲಾಗಲ್ಲ ಅಂತ ಖಾತ್ರಿಯಾಗಿದೆ. ಕಂಪನಿ ಕೆಲಸದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಸರ್ಕಾರಿ ಸಂಶೋಧನಾ ಕಚೇರಿಯ ಬಗ್ಗೆ ಕೇಳಿದರೆ ಮಾತ್ರ ಎಲ್ಲರದ್ದೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿನ ಉತ್ತರ.

ನಾನು ಕೇಳುತ್ತಿರುವುದು ಅಮೆರಿಕದ ಎನ್‌ಐಎಚ್ (ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು), ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಬ್ರಿಟನ್ನಿನ ಎಂಆರ್‌ಸಿ (ಮೆಡಿಕಲ್ ರಿಸರ್ಚ್ ಕೌನ್ಸಿಲ್), ಇಂಥ ಜಾಗಗಳ ಬಗ್ಗೆ. ಅಲ್ಲಿಯ ಲ್ಯಾಬ್‌ಗಳಲ್ಲ, ಕಚೇರಿ. ಅರ್ಜಿ ನೋಡುವ, ಹಣ ಹಂಚುವ, ಮುಂದೆ ಯಾವುದಕ್ಕೆ ಒತ್ತು ಕೊಡಬೇಕು ಅಂತ ಕೂತು ಯೋಚಿಸುವ ಭಾಗ. ಹುದ್ದೆಗಳ ಹೆಸರು ಓದಿದರೆ ತಲೆ ಗಿರ್ ಅನ್ನುತ್ತದೆ. ಪ್ರೋಗ್ರಾಂ ಆಫೀಸರ್, ಹೆಲ್ತ್ ಸೈಂಟಿಸ್ಟ್ ಅಡ್ಮಿನಿಸ್ಟ್ರೇಟರ್, ಸೈಂಟಿಫಿಕ್ ರಿವ್ಯೂ ಆಫೀಸರ್, ಗ್ರಾಂಟ್ಸ್ ಮ್ಯಾನೇಜ್‌ಮೆಂಟ್ ಸ್ಪೆಷಲಿಸ್ಟ್, ಪಾಲಿಸಿ ಅನಲಿಸ್ಟ್, ಪ್ರೋಗ್ರಾಂ ಅನಲಿಸ್ಟ್. ಇವರೆಲ್ಲ ಬೆಳಿಗ್ಗೆಯಿಂದ ಸಂಜೆತನಕ ಮಾಡುವುದಾದರೂ ಏನು? ಇವರಲ್ಲಿ ವಿಜ್ಞಾನಿಗಳು ಯಾರು, ಅಲ್ಲದವರು ಯಾರು? ಅಲ್ಲಿಗೆ ಬರುವ ಮೊದಲು ಏನಾಗಿದ್ದರು?

ಇನ್ನೊಂದು, ಇದು ಸ್ವಲ್ಪ ಮುಜುಗರದ ಪ್ರಶ್ನೆ. ಒಮ್ಮೆ ಆ ಕಡೆ ಹೋದರೆ ವಿಜ್ಞಾನಿ ಅನ್ನೋ ಹಣೆಪಟ್ಟಿ ಹೋಯಿತು ಅಂತಲೇನಾ? ಒಳಗಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

---

ಹಳೇ ಕಡತ

ಇಂಥದ್ದೇ ಒಂದು ಕಚೇರಿಯ ಪ್ರೋಗ್ರಾಂ ವಿಭಾಗದಲ್ಲಿ ಬಹಳ ವರ್ಷ ಇದ್ದವನು ನಾನು. ಯಾವುದು ಅಂತ ಹೇಳುವುದಿಲ್ಲ. ಎನ್‌ಐಎಚ್ ಉದಾಹರಣೆ ಹಿಡಿದೇ ಹೇಳುತ್ತೇನೆ, ಯಾಕೆಂದರೆ ಅದರ ನಿಯಮಗಳೆಲ್ಲ ಬಹಿರಂಗ, ಯಾರು ಬೇಕಾದರೂ ಓದಿ ತಾಳೆ ನೋಡಬಹುದು.

ಎನ್‌ಐಎಚ್ ಅನ್ನುವುದು ಒಂದೇ ಸಂಸ್ಥೆಯಲ್ಲ, 27 ಸಂಸ್ಥೆ ಮತ್ತು ಕೇಂದ್ರಗಳ ಕೂಟ. ಕ್ಯಾನ್ಸರಿಗೆ ಒಂದು, ಕಣ್ಣಿಗೆ ಒಂದು, ಮುಪ್ಪಿಗೆ ಒಂದು, ಹೀಗೆ. ಅದರ ಬಜೆಟ್‌ನಲ್ಲಿ ಶೇ 80ಕ್ಕಿಂತ ಜಾಸ್ತಿ ಹೊರಗಿನ ವಿಶ್ವವಿದ್ಯಾಲಯ, ಆಸ್ಪತ್ರೆ, ಸಂಶೋಧನಾ ಸಂಸ್ಥೆಗಳಿಗೇ ಹೋಗುತ್ತದೆ. ಸ್ವಂತ ಲ್ಯಾಬ್‌ಗಳಿಗೆ ಉಳಿಯುವುದು ಹೆಚ್ಚೂಕಡಿಮೆ ಶೇ 10. 1887ರಲ್ಲಿ ಜೋಸೆಫ್ ಕಿನ್ಯೂನ್ ಅನ್ನುವ ವೈದ್ಯರು ನಾವಿಕರ ಆಸ್ಪತ್ರೆಯೊಂದರಲ್ಲಿ ಒಂದೇ ಕೋಣೆಯ ಲ್ಯಾಬ್ ಆಗಿ ಶುರು ಮಾಡಿದ್ದು ಈಗ ಹೀಗೆ ಬೆಳೆದಿದೆ. ಹಾಗಾಗಿ ನೀವು ಕೇಳುತ್ತಿರುವ 'ಕಚೇರಿ' ಭಾಗ ಅಂದರೆ ಪಕ್ಕದ ಕೆಲಸ ಅಲ್ಲ, ಅದೇ ಮುಖ್ಯ ಕೆಲಸ.

ಈಗ ಹುದ್ದೆಗಳಿಗೆ ಬರೋಣ. ಹೆಸರು ಎಷ್ಟೇ ಇರಲಿ, ಬೆನ್ನೆಲುಬು ಮೂರು. ಅರ್ಜಿದಾರರ ಜೊತೆ ಮಾತಾಡುವವರು ಬೇರೆ, ಅರ್ಜಿಗೆ ಅಂಕ ಹಾಕಿಸುವವರು ಬೇರೆ, ಹಣಕ್ಕೆ ಸಹಿ ಹಾಕುವವರು ಬೇರೆ. ಬೇಕಂತಲೇ ಹೀಗೆ ಬೇರೆ ಮಾಡಿಟ್ಟಿದ್ದಾರೆ. ನಿಮ್ಮ ಐಡಿಯಾ ಚೆನ್ನಾಗಿದೆ, ಅರ್ಜಿ ಹಾಕಿ ಅಂತ ಹುರಿದುಂಬಿಸಿದವನೇ ಅದಕ್ಕೆ ಅಂಕವನ್ನೂ ಕೊಡಿಸಿ ಚೆಕ್ಕನ್ನೂ ಬರೆದರೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ನಾನು ಮೊದಲನೇ ಗುಂಪು, ಪ್ರೋಗ್ರಾಂ ಆಫೀಸರ್. ಎನ್‌ಐಎಚ್‌ನಲ್ಲಿ ಇವರಲ್ಲಿ ಬಹಳ ಜನರ ಅಧಿಕೃತ ಹುದ್ದೆಯ ಹೆಸರು ಹೆಲ್ತ್ ಸೈಂಟಿಸ್ಟ್ ಅಡ್ಮಿನಿಸ್ಟ್ರೇಟರ್. ರಿವ್ಯೂ ಆಫೀಸರ್‌ಗಳಿಗೂ ಅದೇ ಹೆಸರು ಇರಬಹುದು, ಅದಕ್ಕೇ ನಿಮಗೆ ಗೊಂದಲ ಆಗಿರುವುದು. ಕೆಲಸ ಏನು ಅಂದರೆ, ಒಂದು ವಿಷಯದ ಸಂಶೋಧನೆ ಪೂರ್ತಿ ನಿಮ್ಮ ಉಸ್ತುವಾರಿ. ಯಾರೋ ಇಮೇಲ್ ಹಾಕುತ್ತಾರೆ, ಒಂದು ಪುಟದಲ್ಲಿ ತಮ್ಮ ಯೋಜನೆಯ ಗುರಿಗಳನ್ನು ಬರೆದಿರುತ್ತಾರೆ. ಇದು ನಮ್ಮ ಸಂಸ್ಥೆಗೆ ಹೊಂದುತ್ತದಾ, ಇದೇ ಕೆಲಸಕ್ಕೆ ಈಗಾಗಲೇ ಬೇರೆಯವರಿಗೆ ಹಣ ಕೊಟ್ಟಿದ್ದೇವಾ ಅಂತ ನೋಡಿ ಹೇಳಬೇಕು. ಯಾವುದೇ ಒಂದು ವರ್ಷಕ್ಕೆ ನೇರ ವೆಚ್ಚ (ಆ ಸಂಶೋಧನೆಗೇ ತಗಲುವ ಖರ್ಚು) 5 ಲಕ್ಷ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೇಳುವವರು ಅರ್ಜಿ ಹಾಕುವ ಮುಂಚೆಯೇ ಸಂಸ್ಥೆಯ ಒಪ್ಪಿಗೆ ಪಡೆಯಬೇಕು, ಅದಕ್ಕೂ ನಮ್ಮ ಹತ್ತಿರವೇ ಬರುತ್ತಾರೆ. ಹಣ ಸಿಕ್ಕವರ ಪ್ರಗತಿ ವರದಿಗಳನ್ನು ವರ್ಷ ವರ್ಷ ಓದಬೇಕು. ಎಲ್ಲಿ ಕೊರತೆ ಇದೆ ಅಂತ ಗುರುತಿಸಿ ಅರ್ಜಿ ಕರೆಯುವ ಹೊಸ ಆಹ್ವಾನದ ಕರಡು ಬರೆಯಬೇಕು. ಅದನ್ನು ಹೊರಗಿನ ತಜ್ಞರ ಸಲಹಾ ಮಂಡಳಿಯ ಮುಂದೆ ಇಟ್ಟು ಒಪ್ಪಿಸಬೇಕು.

ಆದರೆ ನಿಜವಾದ ಕೆಲಸ ಫೋನಿನಲ್ಲಿ. ಅಂಕ ಬಂದ ಮೇಲೆ ವಿಮರ್ಶಕರ, ಅಂದರೆ ಅರ್ಜಿ ಓದಿ ಅಂಕ ಕೊಟ್ಟ ಹೊರಗಿನ ತಜ್ಞರ, ಟಿಪ್ಪಣಿ ಅರ್ಜಿದಾರರ ಕೈ ಸೇರುತ್ತದೆ. ಹೆಚ್ಚಿನವರಿಗೆ ಹಣ ಸಿಕ್ಕಿರುವುದಿಲ್ಲ. ಆಗ ಫೋನ್ ಬರುತ್ತದೆ. ಮೊದಲ ಹತ್ತು ನಿಮಿಷ ಸಿಟ್ಟು. 'ಎರಡನೇ ವಿಮರ್ಶಕರಿಗೆ ನನ್ನ ಕ್ಷೇತ್ರವೇ ಗೊತ್ತಿಲ್ಲ.' ಸುಮ್ನೆ ಕೇಳಿಸಿಕೊಳ್ಳಬೇಕು. ಆಮೇಲೆ ನಿಧಾನವಾಗಿ, ಮೂವರೂ ಬೇರೆ ಬೇರೆ ಮಾತಿನಲ್ಲಿ ಒಂದೇ ತಕರಾರು ಎತ್ತಿದ್ದಾರೆ, ಎರಡನೇ ಗುರಿ ನಿಂತಿರುವುದೇ ಮೊದಲನೆಯದರ ಮೇಲೆ, ಮೊದಲನೆಯದು ಬಿದ್ದರೆ ನಿಮ್ಮ ಹತ್ತಿರ ಬೇರೆ ದಾರಿ ಇಲ್ಲ ಅಂತ ತೋರಿಸಬೇಕು. ಕೊನೆಗೆ ಫೋನ್ ಇಡುವಾಗ ಥ್ಯಾಂಕ್ಸ್ ಅಂದರೆ ಆ ದಿನ ಗೆದ್ದ ಹಾಗೆ. ಎಲ್ಲರೂ ಅನ್ನುವುದಿಲ್ಲ.

ಹಿನ್ನೆಲೆ ಕೇಳಿದಿರಿ. ಮಾಮೂಲಿ ದಾರಿ ಅಂದರೆ ಪಿಎಚ್‌ಡಿ, ಪೋಸ್ಟ್‌ಡಾಕ್, ಆಮೇಲೆ ಕೆಲವರು ನೇರವಾಗಿ, ಕೆಲವರು ಸ್ವಲ್ಪ ಕಾಲ ಪ್ರಾಧ್ಯಾಪಕರಾಗಿದ್ದು ಬರುತ್ತಾರೆ. ವೈದ್ಯರಿದ್ದಾರೆ, ಸಂಶೋಧನೆ ಮಾಡಿದ ನರ್ಸ್‌ಗಳಿದ್ದಾರೆ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ, ಎಂಜಿನಿಯರಿಂಗ್ ಓದಿದವರಿದ್ದಾರೆ. ಕಂಪನಿಯಲ್ಲಿ ಔಷಧ ತಯಾರಿಸಿ ಬಂದವರೂ ಇದ್ದಾರೆ. ಬಂದ ಮೇಲೆ ನಿಮ್ಮ ಪ್ರಬಂಧದ ವಿಷಯವೇ ಸಿಗುತ್ತದೆ ಅಂದುಕೊಳ್ಳಬೇಡಿ. ಯೀಸ್ಟ್ ಮೇಲೆ ಪಿಎಚ್‌ಡಿ ಮಾಡಿದ ಸಹೋದ್ಯೋಗಿಯೊಬ್ಬರು ಕಿಡ್ನಿ ಕಾಯಿಲೆಯ ಯೋಜನೆಗಳನ್ನು ನೋಡಿಕೊಳ್ಳುತ್ತಿದ್ದರು, ಅದೂ ಭೇಷಾಗಿ.

---

ನೇರ ಮಾತು

ಇಷ್ಟುದ್ದ ಯಾಕೆ ಬರೆಯಬೇಕು, ಒಂದೇ ಸಾಲು ಸಾಕು. ಲ್ಯಾಬ್‌ನಲ್ಲಿ ನೆಲೆ ಕಾಣದವರು ಹೋಗಿ ಸೇರಿಕೊಳ್ಳುವ ಜಾಗ ಅದು. ಸಂಬಳ ಬರುತ್ತದೆ, ಪೇಪರ್ ಬರೆಯುವ ಗೋಜಿಲ್ಲ, ಬೇರೆಯವರ ವಿಜ್ಞಾನಕ್ಕೆ ಮುದ್ರೆ ಒತ್ತಿಕೊಂಡು ಇರಬಹುದು. ಬೇಜಾರು ಮಾಡಿಕೊಳ್ಳಬೇಡಿ, ಕಂಡದ್ದು ಹೇಳಿದೆ.

---

ಮೂರನೇ ವಿಮರ್ಶಕ

ನೇರ ಮಾತು ಅವರೇ, ನಿಮಗೆ ಕಂಡದ್ದು ಯಾವ ಕಿಟಕಿಯಿಂದಲೋ ಗೊತ್ತಿಲ್ಲ. ನಾನು ರಿವ್ಯೂ ಕಡೆಯವಳು. ಈ ಹುದ್ದೆಗೆ ಕರೆಯುವಾಗ ಸ್ವತಂತ್ರವಾಗಿ ಸಂಶೋಧನೆ ಮಾಡಿದ ಅನುಭವ ಇದೆಯಾ ಅಂತಲೇ ಮೊದಲು ನೋಡುವುದು, ಯಾಕೆಂದರೆ ಪ್ರಾಧ್ಯಾಪಕರ ಒಂದು ಕೋಣೆಯನ್ನೇ ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಅವರ ಭಾಷೆ ಬಾರದವರಿಗೆ ಅದು ಸಾಧ್ಯವಿಲ್ಲ.

ಸೈಂಟಿಫಿಕ್ ರಿವ್ಯೂ ಆಫೀಸರ್ ಅಂಕ ಕೊಡುವುದಿಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಅಂಕ ಕೊಡುವವರನ್ನು ಹುಡುಕುವುದು, ಒಪ್ಪಿಸುವುದು, ಯಾವ ಅರ್ಜಿ ಯಾರಿಗೆ ಅಂತ ಹಂಚುವುದು, ಸಭೆ ನಿಯಮದಂತೆ ನಡೆಯುವ ಹಾಗೆ ನೋಡಿಕೊಳ್ಳುವುದು, ಆಮೇಲೆ ಚರ್ಚೆಯ ಸಾರ ಬರೆಯುವುದು ನಮ್ಮ ಕೆಲಸ. ಕಾನೂನಿನ ಪ್ರಕಾರ ಆ ಸಭೆಗೆ ಸರ್ಕಾರದ ಕಡೆಯ ಹೊಣೆಗಾರರು ನಾವೇ. ನಾವಿಲ್ಲದೆ ಸಭೆ ಇಲ್ಲ.

ಸಭೆ ಹೇಗಿರುತ್ತದೆ ಅಂತ ಹೇಳುತ್ತೇನೆ, ಆಗ ನಿಮಗೆ ಈ ಕೆಲಸ ಸರಿಹೋಗುತ್ತದಾ ಇಲ್ಲವಾ ತಿಳಿಯುತ್ತದೆ. ಅಧ್ಯಕ್ಷರು ಒಂದು ಅರ್ಜಿಯ ಹೆಸರು ಕರೆಯುತ್ತಾರೆ. ಅರ್ಜಿದಾರರ ಜೊತೆ ಇತ್ತೀಚೆಗೆ ಪೇಪರ್ ಬರೆದವರು, ಒಂದೇ ವಿಭಾಗದವರು ಎದ್ದು ಹೊರಗೆ ಹೋಗುತ್ತಾರೆ, ಆನ್‌ಲೈನ್ ಆದರೆ ನಾವೇ ಅವರನ್ನು ಆಚೆ ಕಳಿಸುತ್ತೇವೆ. ಉಳಿದವರಲ್ಲಿ ಆ ಅರ್ಜಿಯನ್ನು ಪೂರ್ತಿ ಓದಿದ ಮೂವರು ತಮ್ಮ ಅಂಕ ಹೇಳುತ್ತಾರೆ. ಅಂಕ 1ರಿಂದ 9ರವರೆಗೆ, 1 ಅಂದರೆ ಅತ್ಯುತ್ತಮ, ಉಲ್ಟಾ. ಒಬ್ಬರು 2 ಅಂದರು, ಇನ್ನೊಬ್ಬರು 3, ಮೂರನೆಯವರು 6 ಅಂದುಕೊಳ್ಳಿ. ಆಗ ಕೋಣೆಯಲ್ಲಿ ಎಲ್ಲರೂ ಸ್ವಲ್ಪ ನೆಟ್ಟಗೆ ಕೂರುತ್ತಾರೆ. 6 ಕೊಟ್ಟವರು ಯಾಕೆ ಅಂತ ಹೇಳಬೇಕು. ಚರ್ಚೆ ಆಗುತ್ತದೆ, ಮೂವರೂ ಮತ್ತೆ ತಮ್ಮ ಅಂಕ ಹೇಳುತ್ತಾರೆ, ಆಮೇಲೆ ಸಭೆಯಲ್ಲಿರುವ ಎಲ್ಲರೂ ಗುಟ್ಟಾಗಿ ಅಂಕ ಹಾಕುತ್ತಾರೆ. ಸರಾಸರಿಯನ್ನು ಹತ್ತರಿಂದ ಗುಣಿಸಿದರೆ ಬರುವುದೇ ಕೊನೆಯ ಅಂಕ, 10ರಿಂದ 90ರ ಒಳಗೆ. ಸಾಮಾನ್ಯವಾಗಿ ಕೆಳಗಿನ ಅರ್ಧದಷ್ಟು ಅರ್ಜಿಗಳು ಚರ್ಚೆಗೇ ಬರುವುದಿಲ್ಲ.

ಹಳೇ ಕಡತ ಅವರ ಥರದ ಪ್ರೋಗ್ರಾಂ ಆಫೀಸರ್‌ಗಳು ಇದನ್ನೆಲ್ಲ ಕೂತು ಕೇಳಿಸಿಕೊಳ್ಳಬಹುದು, ಆದರೆ ಬಾಯಿ ಬಿಡುವಂತಿಲ್ಲ. ಅವರಿಗೆ ಅರ್ಜಿದಾರರು ಗೊತ್ತು, ವಿಮರ್ಶಕರು ತಪ್ಪು ತಿಳಿದುಕೊಂಡದ್ದೂ ಗೊತ್ತು, ಆದರೂ ಲ್ಯಾಪ್‌ಟಾಪ್ ಮೇಲೆ ಟಿಪ್ಪಣಿ ಕುಟ್ಟುತ್ತಾ ಇರಬೇಕು. ಅವರ ಮುಖ ನೋಡುವುದೇ ಒಂದು ಮಜಾ.

ನನ್ನ ಜೊತೆಗಿದ್ದವರ ಹಿನ್ನೆಲೆ ಅಂದರೆ, ಒಬ್ಬರು ಲ್ಯಾಬ್ ನಡೆಸಿ ಸಾಕಾಗಿ ಬಂದವರು, ಒಬ್ಬರು ವಿಜ್ಞಾನ ಪತ್ರಿಕೆಯ ಸಂಪಾದಕರಾಗಿದ್ದವರು, ಇನ್ನೊಬ್ಬರು ರೋಗ ಹರಡುವಿಕೆ ಅಧ್ಯಯನ ಮಾಡಿದವರು. ಸಂಪಾದಕರಾಗಿದ್ದವರು ಇಲ್ಲಿ ಬೇಗ ಪಳಗುತ್ತಾರೆ. ಒಲ್ಲೆ ಅನ್ನುವ ತಜ್ಞರನ್ನು ಬೇಡಿ, ಕಾಡಿ ಒಪ್ಪಿಸಿ, ಗಡುವಿನ ಒಳಗೆ ವಿಮರ್ಶೆ ಬರೆಸುವುದು ಅವರಿಗೆ ಮೊದಲೇ ಅಭ್ಯಾಸ.

ಮುದ್ರೆ ಒತ್ತುವುದು ಅಂದಿರಲ್ಲ, ನಿಮ್ಮ ಅರ್ಜಿ ಒಂದನ್ನು ಅದನ್ನು ಓದಬಲ್ಲ ಮೂವರ ಕೈಗೇ ತಲುಪಿಸುವುದು ಎಷ್ಟು ಕಷ್ಟ ಅಂತ ಒಂದು ಸಲ ಬಂದು ನೋಡಿ.

---

ಹಳೇ ಕಡತ

ಮುಖದ ವಿಷಯ ನಿಜ. ಏನೂ ಹೇಳಲಿಕ್ಕಿಲ್ಲ.

ಹಣೆಪಟ್ಟಿ ಪ್ರಶ್ನೆಗೆ ಉತ್ತರಿಸುವುದು ಬಿಟ್ಟುಹೋಗಿತ್ತು. ಫ್ರಾನ್ಸಿಸ್ ಕಾಲಿನ್ಸ್ ಮೊದಲು ಭೌತ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ, ಆಮೇಲೆ ವೈದ್ಯಕೀಯ ಓದಿ, ಜೀನ್ ಹುಡುಕಾಟಕ್ಕೆ ಬಂದು, 1993ರಲ್ಲಿ ಎನ್‌ಐಎಚ್‌ನ ಜೀನೋಮ್ ಕೇಂದ್ರದ ಮುಖ್ಯಸ್ಥರಾಗಿ, 2009ರಿಂದ 2021ರವರೆಗೆ ಇಡೀ ಎನ್‌ಐಎಚ್ ನಡೆಸಿದರು. ಆಂಥನಿ ಫೌಚಿ 1968ರಲ್ಲಿ ಒಳಗೆ ಬಂದವರು, 1984ರಿಂದ 2022ರವರೆಗೆ ಅಲ್ಲಿಯ ಸೋಂಕು ರೋಗಗಳ ಸಂಸ್ಥೆಯ ನಿರ್ದೇಶಕರ ಒಂದೇ ಕುರ್ಚಿ, ಜೊತೆಗೆ ಲ್ಯಾಬನ್ನೂ ಬಿಡಲಿಲ್ಲ. 2023ರಿಂದ 2025ರ ಆರಂಭದವರೆಗೆ ಎನ್‌ಐಎಚ್ ನಡೆಸಿದ ಮೊನಿಕಾ ಬರ್ಟನ್ಯೋಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿ. ಮೇಲಿನ ಕುರ್ಚಿಗಳಿಗೆ ಜನ ಬರುವುದು ಹೀಗೆ, ಹೊರಗೆ ಹೆಸರು ಮಾಡಿ ಅಥವಾ ಒಳಗೆ ಲ್ಯಾಬ್ ನಡೆಸಿ. ನಮ್ಮ ನಿಮ್ಮಂಥವರ ಮಜಲಿನಲ್ಲಿ ಹಾಗಲ್ಲ. ಲ್ಯಾಬ್ ಇರುವುದಿಲ್ಲ, ನಿಮ್ಮ ಹೆಸರಿನ ಪೇಪರ್ ತೀರಾ ಕಡಿಮೆ ಆಗುತ್ತದೆ. ಇದನ್ನು ಮುಚ್ಚಿಟ್ಟು ಹೇಳಿ ಪ್ರಯೋಜನ ಇಲ್ಲ. ಹೋದ ಮೇಲೆ ಮತ್ತೆ ಲ್ಯಾಬ್‌ಗೆ ವಾಪಸ್ ಬಂದವರು ನನಗೆ ಗೊತ್ತಿರುವ ಹಾಗೆ ಬೆರಳೆಣಿಕೆ. ಆದರೆ ಒಂದು ಕ್ಷೇತ್ರ ಮುಂದಿನ ಐದು ವರ್ಷ ಎತ್ತ ಹೋಗುತ್ತದೆ ಅಂತ ಪ್ರಕಟವಾಗುವ ಮುಂಚೆಯೇ ಕಾಣುತ್ತದೆ. ನನಗೆ ಅದು ಸಾಕಿತ್ತು, ನಿಮಗೆ ಸಾಕಾ ಅಂತ ನೀವೇ ಯೋಚಿಸಿ.

---

ಲೆಕ್ಕದ ಪುಸ್ತಕ

ಮೂರು ಬೆನ್ನೆಲುಬು ಅಂತ ಶುರು ಮಾಡಿ ಇಬ್ಬರೂ ತಮ್ಮ ತಮ್ಮದನ್ನೇ ಹೇಳಿಕೊಂಡರು. ಯಾವಾಗಲೂ ಹೀಗೇ. ಮೂರನೆಯದು ನಾವು, ಗ್ರಾಂಟ್ಸ್ ಮ್ಯಾನೇಜ್‌ಮೆಂಟ್. ನಾನು ಕಾಮರ್ಸ್ ಓದಿದವನು, ಮೊದಲು ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಪ್ರಾಜೆಕ್ಟ್ ಲೆಕ್ಕ ನೋಡುತ್ತಿದ್ದೆ. ನಮ್ಮಲ್ಲಿ ಪಿಎಚ್‌ಡಿ ಬೇಕಿಲ್ಲ. ಲೆಕ್ಕಪತ್ರ, ಆಡಳಿತ, ಕೆಲವರು ಕಾನೂನು, ಕೆಲವರು ಬೇರೆ ಸರ್ಕಾರಿ ಇಲಾಖೆಯಿಂದ ಬಂದವರು.

ಒಂದು ಮಾತು ನೆನಪಿಡಿ. ಪ್ರೋಗ್ರಾಂನವರು ಎಷ್ಟೇ ಶಿಫಾರಸು ಮಾಡಲಿ, ಸರ್ಕಾರದ ಪರವಾಗಿ ಹಣಕ್ಕೆ ಬದ್ಧವಾಗುವ ಅಧಿಕಾರ ಇರುವುದು ಗ್ರಾಂಟ್ಸ್ ಮ್ಯಾನೇಜ್‌ಮೆಂಟ್ ಆಫೀಸರ್‌ಗೆ. ಆ ಸಹಿ ಬೀಳುವವರೆಗೂ ಅರ್ಜಿದಾರರು 'ನಮಗೆ ಸಿಕ್ಕಿತು' ಅಂತ ಕುಣಿಯುವುದು ಬೇಡ.

ನಮ್ಮ ಕಣ್ಣು ಎಲ್ಲಿರುತ್ತದೆ ಅಂತ ಒಂದು ಉದಾಹರಣೆ. ಅಂಕ ಚೆನ್ನಾಗಿ ಬಂದ ಮೇಲೆ ಅರ್ಜಿದಾರರಿಂದ ಇನ್ನಷ್ಟು ಕಾಗದ ತರಿಸುತ್ತೇವೆ. ಮನುಷ್ಯರ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ, ಪ್ರಾಣಿಗಳಿದ್ದರೆ ಅದರ ಸಮಿತಿಯ ಒಪ್ಪಿಗೆ, ಮುಖ್ಯ ಸಂಶೋಧಕರಿಗೆ ಬೇರೆ ಎಲ್ಲೆಲ್ಲಿಂದ ಹಣ ಬರುತ್ತಿದೆ ಅನ್ನುವ ಪಟ್ಟಿ. ಆ ಪಟ್ಟಿಯಲ್ಲಿ ಪ್ರತಿ ಯೋಜನೆಗೆ ವರ್ಷದಲ್ಲಿ ಎಷ್ಟು ತಿಂಗಳ ದುಡಿಮೆ ಅಂತ ಬರೆದಿರುತ್ತದೆ. ಒಂದಕ್ಕೆ 4 ತಿಂಗಳು, ಇನ್ನೊಂದಕ್ಕೆ 3, ಮತ್ತೊಂದಕ್ಕೆ 2.5, ಈಗ ಹೊಸದಕ್ಕೆ 4. ಕೂಡಿಸಿದರೆ 13.5. ವರ್ಷಕ್ಕೆ ಇರುವುದು ಹನ್ನೆರಡೇ ತಿಂಗಳು ಅಲ್ವಾ? ಎಷ್ಟು ದೊಡ್ಡ ವಿಜ್ಞಾನಿಯಾದರೂ ಯಾವುದರಲ್ಲಿ ಇಳಿಸುತ್ತೀರಿ ಅಂತ ಬರೆದುಕೊಡಲೇಬೇಕು. ಇಂಥ ಪತ್ರ ಕಳಿಸಿದಾಗ ಬರುವ ಉತ್ತರಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಗಂತ ನಾವು ಬರೀ ಅಡ್ಡಗಾಲು ಹಾಕುವವರಲ್ಲ. ಸಂಶೋಧಕರು ಊರು ಬದಲಿಸಿದರೆ ಗ್ರಾಂಟ್ ಹೇಗೆ ಜೊತೆಗೆ ಹೋಗುತ್ತದೆ, ಉಳಿದ ಹಣ ಮುಂದಿನ ವರ್ಷಕ್ಕೆ ಒಯ್ಯಬಹುದಾ, ಉಪಕರಣಕ್ಕೆ ಇಟ್ಟದ್ದನ್ನು ಸಂಬಳಕ್ಕೆ ತಿರುಗಿಸಬಹುದಾ, ಇಂಥದ್ದಕ್ಕೆ ನೆಟ್ಟಗೆ ಉತ್ತರ ಗೊತ್ತಿರುವುದು ನಮಗೇ. ಪಿಎಚ್‌ಡಿ ಇದ್ದವರು ನಮ್ಮ ಕಡೆ ಬರುವುದು ಅಪರೂಪ, ಬಂದರೆ ಬೇಡ ಅನ್ನುವುದಿಲ್ಲ.

---

ಬಿಡಿಬಿಡಿ

ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಲಿಸಿ ಅನಲಿಸ್ಟ್ ಅಂದರೆ ಬರೆಯುವ ಕೆಲಸ. ಸಂಸತ್ತಿನಿಂದ ಬಂದ ಪ್ರಶ್ನೆಗೆ ಉತ್ತರ, ಹೊಸ ನಿಯಮದ ಕರಡು, ಮುಂದಿನ ಐದು ವರ್ಷದ ಯೋಜನಾ ಪತ್ರ. ಅಮೆರಿಕದಲ್ಲಿ ಪಿಎಚ್‌ಡಿ ಆದವರು ಇಲ್ಲಿಗೆ ನುಸುಳುವ ಹೆದ್ದಾರಿ ಅಂದರೆ ಎಎಎಎಸ್ (ಅಮೆರಿಕದ ವಿಜ್ಞಾನ ಸಂಘ) ಸಂಸ್ಥೆಯ ವಿಜ್ಞಾನ ನೀತಿ ಫೆಲೋಶಿಪ್, 1973ರಿಂದ ನಡೆಯುತ್ತಿದೆ. ಪ್ರೋಗ್ರಾಂ ಅನಲಿಸ್ಟ್ ಹುದ್ದೆಗೆ ಮಾಸ್ಟರ್ಸ್ ಅಥವಾ ಪದವಿ ಸಾಕು, ಯಾವ ವಿಷಯಕ್ಕೆ ಎಷ್ಟು ಹಣ ಹೋಯಿತು ಅಂತ ದತ್ತಾಂಶ ಅಗೆಯುತ್ತಾರೆ. ಮೆಡಿಕಲ್ ಆಫೀಸರ್‌ಗಳು ವೈದ್ಯರು, ದೊಡ್ಡ ಔಷಧ ಪ್ರಯೋಗಗಳಲ್ಲಿ ರೋಗಿಗಳ ಸುರಕ್ಷತೆಯ ಮೇಲೆ ಕಣ್ಣಿಡುತ್ತಾರೆ. ಪೇಟೆಂಟ್ ನೋಡುವವರು, ಗುತ್ತಿಗೆ ಬರೆಯುವವರು, ಸಾರ್ವಜನಿಕರಿಗೆ ಅರ್ಥವಾಗುವ ಹಾಗೆ ಬರೆಯುವವರು ಬೇರೆ ಇದ್ದಾರೆ. ಕೊನೆಯವರಲ್ಲಿ ಪತ್ರಕರ್ತರಾಗಿದ್ದವರೂ ಇರುತ್ತಾರೆ.

ಇನ್ನೊಂದು ಎಚ್ಚರಿಕೆ. ಪಕ್ಕದಲ್ಲಿ ಕನ್ಸಲ್ಟಿಂಗ್ ಮಾಡಿಕೊಂಡು ಇರೋಣ ಅನ್ನುವ ಲೆಕ್ಕ ಇದ್ದರೆ ಬಿಟ್ಟುಬಿಡಿ. 2005ರಿಂದ ಎನ್‌ಐಎಚ್ ಸಿಬ್ಬಂದಿ ಔಷಧ ಕಂಪನಿಗಳಿಗೆ ಹಣ ಪಡೆದು ಸಲಹೆ ಕೊಡುವ ಹಾಗಿಲ್ಲ. ಹಿರಿಯ ಹುದ್ದೆಯವರಿಗೆ ಅಂಥ ಕಂಪನಿಗಳ ಷೇರಿನ ಮೇಲೂ ಮಿತಿ ಇದೆ.

---

ಪ್ರಾಜೆಕ್ಟ್ ಮುಗಿಯಿತು

ಎಲ್ಲರೂ ಎನ್‌ಐಎಚ್ ಹೇಳಿದಿರಿ, ಐಸಿಎಂಆರ್ ಕಡೆಯದ್ದು ನಾನು ಹೇಳುತ್ತೇನೆ. ಇತಿಹಾಸ ಚಿಕ್ಕದಾಗಿ: 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅಂತ ಶುರು, 1949ರಲ್ಲಿ ಈಗಿನ ಹೆಸರು. 2007ರಲ್ಲಿ ಆರೋಗ್ಯ ಸಂಶೋಧನಾ ಇಲಾಖೆ ಅಂತ ಪ್ರತ್ಯೇಕ ಇಲಾಖೆ ಬಂತು. ಐಸಿಎಂಆರ್ ಮಹಾನಿರ್ದೇಶಕರೇ ಅದರ ಕಾರ್ಯದರ್ಶಿಯೂ ಹೌದು. ಅಂದರೆ ವಿಜ್ಞಾನಿಯೊಬ್ಬರು ಐಎಎಸ್ ಕಾರ್ಯದರ್ಶಿಗಳ ಸಾಲಿನಲ್ಲಿ ಕೂರುತ್ತಾರೆ. 2015ರಿಂದ 2017ರವರೆಗೆ ಇದ್ದ ಸೌಮ್ಯಾ ಸ್ವಾಮಿನಾಥನ್ ಮಕ್ಕಳ ವೈದ್ಯೆ, ಕ್ಷಯ ರೋಗದ ಸಂಶೋಧಕಿ. ಆಮೇಲೆ ಬಂದ ಬಲರಾಮ್ ಭಾರ್ಗವ ಹೃದ್ರೋಗ ತಜ್ಞರು.

ಇಲ್ಲಿ ಕಾಯಂ ವಿಜ್ಞಾನಿ ಹುದ್ದೆಗಳು ಸೈಂಟಿಸ್ಟ್-ಬಿ ಇಂದ ಜಿ ವರೆಗೆ ಏಣಿಯ ಥರ. ಜಾಹೀರಾತಿನಲ್ಲೇ ಮೆಡಿಕಲ್, ನಾನ್ ಮೆಡಿಕಲ್ ಅಂತ ಎರಡು ಸಾಲು ಇರುತ್ತದೆ. ಎಂಬಿಬಿಎಸ್, ಎಂಡಿ ಆದವರು ಒಂದು ಕಡೆ, ನಿಮ್ಮ ಥರ ಎಂಎಸ್‌ಸಿ, ಪಿಎಚ್‌ಡಿ ಆದವರು ಇನ್ನೊಂದು ಕಡೆ. ವೈದ್ಯರಿಗೆ ಖಾಸಗಿ ಪ್ರಾಕ್ಟೀಸ್ ಮಾಡದ್ದಕ್ಕೆ ಭತ್ಯೆ ಸಿಗುತ್ತದೆ, ನಮಗಿಲ್ಲ, ಇದರ ಬಗ್ಗೆ ಕ್ಯಾಂಟೀನಿನಲ್ಲಿ ನಡೆಯುವ ಚರ್ಚೆಗೆ ಕೊನೆಯೇ ಇಲ್ಲ. ಬಡ್ತಿ ಮಾತ್ರ ಒಂದು ಒಳ್ಳೆ ವಿಷಯ. ಮೇಲಿನ ಕುರ್ಚಿ ಖಾಲಿಯಾಗಲಿ ಅಂತ ಕಾಯಬೇಕಿಲ್ಲ, ನಿಗದಿತ ವರ್ಷ ಆದ ಮೇಲೆ ಕೆಲಸ ತೂಗಿ ನೋಡಿ ಮೇಲಕ್ಕೆ ಏರಿಸುತ್ತಾರೆ.

ದೊಡ್ಡ ವ್ಯತ್ಯಾಸ ಏನೆಂದರೆ, ಅಲ್ಲಿಯ ಹಾಗೆ ಕಚೇರಿಯ ವಿಜ್ಞಾನಿಗೂ ಲ್ಯಾಬ್ ವಿಜ್ಞಾನಿಗೂ ನಡುವೆ ಗೋಡೆ ಇಲ್ಲ. ಎಲ್ಲರೂ ಅದೇ ಏಣಿಯವರು. ಇವತ್ತು ಯಾವುದೋ ಸಂಸ್ಥೆಯಲ್ಲಿ ಪ್ರಯೋಗ ಮಾಡುತ್ತಿರುವವರನ್ನು ನಾಳೆ ಕೇಂದ್ರ ಕಚೇರಿಗೆ ಕರೆಸಿ ಅರ್ಜಿಗಳ ಉಸ್ತುವಾರಿ ಕೊಡಬಹುದು. ಒಂದು ರೀತಿ ಒಳ್ಳೆಯದು, ವಿಜ್ಞಾನದ ಬಿಸಿ ಆರಿರುವುದಿಲ್ಲ. ಇನ್ನೊಂದು ರೀತಿ ಕಷ್ಟ, ಗ್ರಾಂಟ್ ಆಡಳಿತವನ್ನೇ ವೃತ್ತಿ ಅಂತ ಕಲಿತವರು ಕಡಿಮೆ ಆಗುತ್ತಾರೆ.

ಈಗ ಕಹಿ ಭಾಗ. ಕಾಯಂ ಹುದ್ದೆಗಳ ಸುತ್ತ ಗುತ್ತಿಗೆಯ ದೊಡ್ಡ ಪಡೆ ಇದೆ. ಪ್ರಾಜೆಕ್ಟ್ ರಿಸರ್ಚ್ ಸೈಂಟಿಸ್ಟ್, ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್ ಒಂದು, ಎರಡು, ಮೂರು. ನನ್ನ ಹೆಸರಿನಲ್ಲೇ ಇದೆಯಲ್ಲ, ನಾನು ಅದರಲ್ಲಿ ಇದ್ದವನು, ಯಾವ ಸಂಸ್ಥೆ ಅಂತ ಬೇಡ. ಅರ್ಜಿ ಮೊದಲು ಓದಿ ಪಟ್ಟಿ ಮಾಡುವುದು, ಸಭೆಗೆ ಕಾಗದ ತಯಾರು ಮಾಡುವುದು, ವರದಿ ಬಾರದವರಿಗೆ ಜ್ಞಾಪನ ಪತ್ರ ಕಳಿಸುವುದು, ಇದೆಲ್ಲ ನಮ್ಮ ಕೈಯಲ್ಲೇ ಆಗುತ್ತಿತ್ತು. ಮಾರ್ಚ್ ಹತ್ತಿರ ಬಂದ ಹಾಗೆ ಮುಂದುವರಿಕೆಯ ಆದೇಶ ಬರುತ್ತದಾ ಅಂತ ಎದೆ ಡವಡವ. ಒಂದು ಸಲ ಆದೇಶ ತಡವಾಗಿ, ಸಂಬಳವೂ ತಡವಾಯಿತು, ಕೇಳಿದರೆ ಕಡತ ಮೇಲೆ ಹೋಗಿದೆ ಅಂದರು. ಕೆಲಸ ಕಲಿತದ್ದು ಮಾತ್ರ ಸುಳ್ಳಲ್ಲ. ಒಳ್ಳೆ ಅರ್ಜಿಗೂ ಕೆಟ್ಟ ಅರ್ಜಿಗೂ ವ್ಯತ್ಯಾಸ ಈಗ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

---

ಪಿಪೆಟ್ ಹಿಡಿದ ಕೈ

ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ನೇರ ಮಾತು ಅವರಿಗೂ, ನೀವು ಕೆಣಕದಿದ್ದರೆ ಆ ಸಭೆಯ ವಿವರಣೆ ಬರುತ್ತಿರಲಿಲ್ಲ.

ಓದಿದ ಮೇಲೆ ನನಗೆ ರಿವ್ಯೂ ಕಡೆ ಜಾಸ್ತಿ ಹಿಡಿಸಿತು. ಹಾಗಾದರೆ ಈಗಿನಿಂದಲೇ ಏನು ಮಾಡಬೇಕು? ಮತ್ತೆ ಎನ್‌ಐಎಚ್‌ಗೆ ಬೇರೆ ದೇಶದ ಪೌರರು ಸೇರಬಹುದಾ? ಈಗಿನ ಪರಿಸ್ಥಿತಿಯಲ್ಲಿ ಕೆಲಸ ಭದ್ರ ಅನ್ನಬಹುದಾ?

---

ನೇರ ಮಾತು

ಮುದ್ರೆ ಮಾತು ವಾಪಸ್ ತೆಗೆದುಕೊಂಡೆ. ಗುತ್ತಿಗೆ ಪಡೆಯ ಬಗ್ಗೆ ಹೇಳಿದ್ದನ್ನು ಓದಿದ ಮೇಲೆ, ಅಲ್ಲಿ ಯಾರಿಗೂ ಸುಖದ ಸುಪ್ಪತ್ತಿಗೆ ಇಲ್ಲ ಅಂತ ಅರ್ಥವಾಯಿತು. ಆದರೂ ಕೆಲವು ಪ್ರೋಗ್ರಾಂ ಆಫೀಸರ್‌ಗಳು ಇಮೇಲ್‌ಗೆ ಉತ್ತರವನ್ನೇ ಕೊಡುವುದಿಲ್ಲ, ಅದಕ್ಕೆ ಯಾರು ಹೊಣೆ?

---

ಮೂರನೇ ವಿಮರ್ಶಕ

ಇಮೇಲ್ ಸಮಸ್ಯೆ ಹಳೇ ಕಡತ ಅವರಿಗೆ ಸೇರಿದ್ದು, ನಾನು ತಲೆ ಹಾಕಲ್ಲ.

ಪಿಪೆಟ್ ಅವರೇ, ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಭದ್ರ ಅನ್ನಲಾರೆ. 2025ರ ಏಪ್ರಿಲ್‌ನಲ್ಲಿ ಎನ್‌ಐಎಚ್‌ನಲ್ಲಿ ಸುಮಾರು 1,200 ಜನರಿಗೆ ಕೆಲಸ ಹೋಗುವ ನೋಟಿಸ್ ಬಂತು, ಅದರಲ್ಲಿ ಸಂವಹನ, ಖರೀದಿ, ಆಡಳಿತ ವಿಭಾಗದವರು ಬಹಳ ಜನ. ಸರ್ಕಾರಿ ಕೆಲಸ ಅಂದರೆ ಕಲ್ಲುಬಂಡೆ ಅಂತ ನಂಬಿದ್ದವರಿಗೆ ಅದು ದೊಡ್ಡ ಪೆಟ್ಟು. ಕಾಯಂ ಸರ್ಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ಹೊರಗಿನವರು ಅಲ್ಲಿಯ ಲ್ಯಾಬ್‌ಗಳಿಗೆ ವಿಸಿಟಿಂಗ್ ಫೆಲೋ ಆಗಿ ಹೋಗಬಹುದು, ಆದರೆ ನೀವು ಕೇಳುತ್ತಿರುವ ಕುರ್ಚಿಗೆ ಅದು ನೇರ ದಾರಿಯಲ್ಲ.

ಈಗಿನಿಂದ ಮಾಡಬಹುದಾದ್ದು ಬೇಕಾದಷ್ಟಿದೆ. ನಿಮ್ಮ ಮಾರ್ಗದರ್ಶಕರಿಗೆ ಪತ್ರಿಕೆಗಳಿಂದ ವಿಮರ್ಶೆಗೆ ಪೇಪರ್ ಬರುತ್ತದಲ್ಲ, ಅವರ ಹೆಸರಿನಲ್ಲಿ ಗುಟ್ಟಾಗಿ ಬರೆದುಕೊಡಬೇಡಿ. ಸಂಪಾದಕರಿಗೆ ತಿಳಿಸಿ ನಿಮ್ಮ ಹೆಸರನ್ನೂ ಸೇರಿಸಿ ಅಂತ ಕೇಳಿ, ಆಗ ಅದು ಲೆಕ್ಕಕ್ಕೆ ಬರುತ್ತದೆ. ಸಣ್ಣ ಪ್ರತಿಷ್ಠಾನಗಳು, ವಿದ್ಯಾರ್ಥಿ ಅನುದಾನ ಕೊಡುವ ಸಂಘಗಳು ಯಾವಾಗಲೂ ವಿಮರ್ಶಕರಿಲ್ಲದೆ ಪರದಾಡುತ್ತಿರುತ್ತವೆ, ಕೈ ಎತ್ತಿ. ಒಂದು ಸಮ್ಮೇಳನದ ಗೋಷ್ಠಿ ಸಂಘಟಿಸಿ, ದೊಡ್ಡವರು ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ ಏನು ಮಾಡುತ್ತೀರಿ ಅಂತ ಆಗ ಗೊತ್ತಾಗುತ್ತದೆ. ಸಂದರ್ಶನದಲ್ಲಿ ಇದನ್ನು ಖಂಡಿತ ಕೇಳುತ್ತಾರೆ: ಸಭೆಯಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರು ಅರ್ಜಿಯಲ್ಲಿ ಇಲ್ಲದ ವಿಷಯ ಎತ್ತಿ, 'ನನಗೆ ಇವರ ಲ್ಯಾಬ್ ಗೊತ್ತು, ಇದು ಆಗುವ ಕೆಲಸ ಅಲ್ಲ' ಅಂದರೆ ನೀವೇನು ಮಾಡುತ್ತೀರಿ? ಅರ್ಜಿಯಲ್ಲಿ ಬರೆದಿರುವುದನ್ನು ಬಿಟ್ಟು ಬೇರೆ ಯಾವುದರ ಮೇಲೂ ಅಂಕ ಹಾಕುವಂತಿಲ್ಲ ಅಂತ ಅವರಿಗೆ ಎಲ್ಲರೆದುರು ಹೇಳಬೇಕು, ಆದರೆ ಮುಂದಿನ ಸಲ ಕರೆದರೆ ಅವರು ಮತ್ತೆ ಬರುವ ಹಾಗೂ ಹೇಳಬೇಕು.

ಐಸಿಎಂಆರ್ ಕಡೆ ಯೋಚನೆ ಇದ್ದರೆ ಸೈಂಟಿಸ್ಟ್-ಬಿ ನಾನ್ ಮೆಡಿಕಲ್ ಜಾಹೀರಾತಿನಲ್ಲಿ ವಯಸ್ಸಿನ ಮಿತಿಯನ್ನು ಮೊದಲು ಓದಿ, ಪೋಸ್ಟ್‌ಡಾಕ್ ಎಳೆಯುತ್ತಾ ಕೂತರೆ ಅದು ದಾಟಿಹೋಗುತ್ತದೆ. ಲಿಖಿತ ಪರೀಕ್ಷೆ ಇದ್ದರೆ ಅದರ ಪಠ್ಯದ ಬಗ್ಗೆ ಪ್ರಾಜೆಕ್ಟ್ ಮುಗಿಯಿತು ಅವರನ್ನೇ ಕೇಳಿ, ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

---

ಹಳೇ ಕಡತ

ಇಮೇಲ್‌ಗೆ ಉತ್ತರ ಬಾರದಿದ್ದರೆ ಎರಡು ವಾರ ಬಿಟ್ಟು ಇನ್ನೊಂದು ಹಾಕಿ, ಗುರಿಗಳ ಪುಟ ಜೊತೆಗಿರಲಿ. 'ಮಾತಾಡಬಹುದಾ' ಅಂತ ಒಂದೇ ಸಾಲು ಬರೆದರೆ ಕೆಳಗೆ ಹೂತುಹೋಗುತ್ತದೆ. ಅದಕ್ಕೂ ಬಾರದಿದ್ದರೆ ಅವರ ಶಾಖೆಯ ಮುಖ್ಯಸ್ಥರಿಗೆ ಬರೆಯಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅರ್ಜಿ ಸಲ್ಲಿಸಿದ ಮೇಲೆ, ಸಭೆ ಮುಗಿಯುವ ತನಕ ನಮಗೆ ಬರೆಯಬೇಡಿ, ಆ ಅವಧಿಯಲ್ಲಿ ನಿಮ್ಮ ಪ್ರಶ್ನೆಗಳೆಲ್ಲ ಮೂರನೇ ವಿಮರ್ಶಕ ಅವರ ಕಡೆಯವರಿಗೆ.